ನೂರಿಪ್ಪತ್ತು ಇಂಚಿನ ಪರದೆ

ಜೂನ್ 8

ಬಲ್ಬೂ,

ಈ ಹೆಸರು ಕರೆದರೆ ನೀನು ಇನ್ನೂ ಸಿಟ್ಟಾಗುತ್ತೀಯೋ ಇಲ್ಲವೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ಒಳಗೇನಿದೆ ಎಂದು ನೋಡುತ್ತಿದ್ದವನು ಈಗ ಊರೂರು ಅಲೆದು ಜನರ ಮನೆಯಲ್ಲಿ ಸಿನಿಮಾ ಪರದೆ ಕಟ್ಟುತ್ತಿದ್ದೀಯ. ಹೆಸರಿಟ್ಟ ನನ್ನ ಬಾಯಿಗೆ ಸಕ್ಕರೆ ಹಾಕಬೇಕು.

ವಿಷಯ ಏನೆಂದರೆ, ನಿನ್ನ ಭಾವನಿಗೂ ಪ್ರೊಜೆಕ್ಟರ್ ಬೇಕಂತೆ. ನಗಬೇಡ. ಯಾವ ಸಿನಿಮಾಕ್ಕೆ ಹೋದರೂ ಅರ್ಧಕ್ಕೇ ಗೊರಕೆ ಶುರು ಮಾಡುತ್ತಿದ್ದ ಮನುಷ್ಯನಿಗೆ ಈಗ ಟೀವಿ ಸಾಲದಂತೆ. ಅದರ ಮುಂದೆಯೇ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಹಿಂದೆ ಕೂತ ನನಗೆ ಕಾಣುವುದು ಇವರ ಬೆನ್ನು, ಅದರ ಆಚೀಚೆ ಒಂದಿಷ್ಟು ಬಣ್ಣ. ಗೋಡೆ ತುಂಬ ಚಿತ್ರ ಬರಬೇಕು, ನಿನ್ನ ತಮ್ಮನಿಗೆ ಬರಿ ಎಂದು ದಿನಾ ಪ್ರಾಣ ತಿನ್ನುತ್ತಿದ್ದಾರೆ.

ಫೋನ್ ಮಾಡಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸ್ಪೀಕರ್ ಹಾಕು ಎಂದು ಪಕ್ಕದಲ್ಲೇ ಕೂರುತ್ತಾರೆ, ನನ್ನ ಪ್ರತಿ ಮಾತಿಗೂ ಒಂದು ತಿದ್ದುಪಡಿ. ಕಾಗದವೇ ವಾಸಿ. ಮೊದಲೆಲ್ಲ ನಿನ್ನ ಕಾಗದ ಬಂದರೆ ನನಗಿಂತ ಮುಂಚೆ ಇವರೇ ಒಡೆದು ಓದುತ್ತಿದ್ದರು. ಈಗ ನೀನೇ ಓದಿ ಹೇಳು ಅನ್ನುತ್ತಾರೆ. ನಾನು ನನಗೆ ಬೇಕಾದಷ್ಟು ಓದುತ್ತೇನೆ.

ಕೆಲಸ ಹಾಗೇ ನಡೆದಿದೆ. ಇವರು ಶಾಲೆಯ ವ್ಯಾನ್ ಓಡಿಸುತ್ತಾರೆ, ನಾನು ಮಕ್ಕಳನ್ನು ಹತ್ತಿಸಿ ಇಳಿಸುತ್ತೇನೆ. ಹೋದ ವರ್ಷ ಶಾಲೆಯವರು ಈ ಕೆಲಸಕ್ಕೆ ಜನ ಹುಡುಕುತ್ತಿದ್ದಾಗ, ಬೇರೆ ಯಾರೂ ಬೇಡ, ನೀನೇ ಬಾ ಎಂದು ಇವರೇ ಹಠ ಹಿಡಿದದ್ದು. ಮದುವೆಯಾದ ಮೇಲೆ ಇಷ್ಟು ಹೊತ್ತು ನಾವಿಬ್ಬರೂ ಜೊತೆಗಿದ್ದದ್ದೇ ಇಲ್ಲ.

ಏನೇನು ಬೇಕು, ಯಾವುದು ಒಳ್ಳೆಯದು, ಬರಿ.

ನಿನ್ನ ಅಕ್ಕ


ಜೂನ್ 17

ಅಕ್ಕಾ,

ದಯವಿಟ್ಟು ಲಕೋಟೆಯ ಮೇಲೆ ಬಲ್ಬು ಎಂದು ಬರೆಯಬೇಡ. ಅಂಚೆಯವನು ಅಂಗಡಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಈಗ ಇಡೀ ಬೀದಿಗೆ ನಾನು ಬಲ್ಬು.

ಭಾವನಿಗೆ ಈ ಹುಚ್ಚು ಹಿಡಿದದ್ದು ಕೇಳಿ ಖುಷಿಯಾಯಿತು. ಗಿರಾಕಿಗಳಿಗೆ ಹೇಳುವ ಮಾತನ್ನೇ ನಿನಗೂ ಹೇಳುತ್ತೇನೆ: ಮೊದಲು ಕೋಣೆ, ಆಮೇಲೆ ಪ್ರೊಜೆಕ್ಟರ್. ಕೋಣೆಯಲ್ಲಿ ಕತ್ತಲಿಲ್ಲದಿದ್ದರೆ ಎಂಥ ಯಂತ್ರ ತಂದರೂ ನೀರು ಬೆರೆಸಿದ ಹಾಲಿನಂಥ ಚಿತ್ರ ಬರುತ್ತದೆ. ಗೋಡೆಯ ಅಗಲ, ಎತ್ತರ, ಕಿಟಕಿ ಯಾವ ಕಡೆ, ಎಲ್ಲ ಒಂದು ಹಾಳೆಯಲ್ಲಿ ಗೀಚಿ ಕಳಿಸು. ಫ್ಯಾನ್ ಎಲ್ಲಿದೆ ಅನ್ನುವುದನ್ನು ಮರೆಯಬೇಡ. ಇಲ್ಲೊಬ್ಬ ವಕೀಲರು ಯಾರನ್ನೂ ಕೇಳದೆ ತಾವೇ ಹಾಕಿಸಿಕೊಂಡರು. ಫ್ಯಾನಿನ ರೆಕ್ಕೆ ಬೆಳಕಿಗೆ ಅಡ್ಡ ಬಂದು ಪರದೆಯ ಮೇಲೆ ಎಲ್ಲರ ಮುಖವೂ ಪಟಪಟ ಮಿನುಗುತ್ತಿತ್ತು. ಸಿನಿಮಾವೇ ಹಾಗಿರಬೇಕು ಎಂದು ಅವರು ಸುಮಾರು ದಿನ ಹಾಗೇ ನೋಡಿದ್ದಾರೆ.

ಬರೀ ಗೋಡೆಗೆ ಬಿಡಬೇಡಿ. ಸುಣ್ಣದ ಗೋಡೆಯ ಪ್ರತಿಯೊಂದು ಉಬ್ಬುತಗ್ಗೂ ನಾಯಕಿಯ ಕೆನ್ನೆಯ ಮೇಲೆ ಬಂದು ಕೂರುತ್ತದೆ. ಹೊಳಪಿಲ್ಲದ ಬಿಳಿ ಪರದೆ, ಚೌಕಟ್ಟಿಗೆ ಬಿಗಿದದ್ದು, ಅದೇ ಸರಿ. ಹತ್ತು ಅಡಿ ದೂರ ಕೂತು ನೋಡಲು ನೂರು ಇಂಚು ಧಾರಾಳವಾಯಿತು. ಆದರೆ ಭಾವ ಎಲ್ಲಿ ಕೂರುತ್ತಾರೆ? ಸ್ಟೂಲಿನ ಕಥೆ ನಿಜವಾದರೆ ಮಾಮೂಲಿ ಪ್ರೊಜೆಕ್ಟರ್ ನಡೆಯುವುದಿಲ್ಲ, ಹಿಂದಿನಿಂದ ಬರುವ ಬೆಳಕಿಗೆ ಅವರ ತಲೆಯೇ ಅಡ್ಡವಾಗುತ್ತದೆ. ಶಾರ್ಟ್ ಥ್ರೋ ಎಂದು ಒಂದು ಬಗೆ ಇದೆ, ಗೋಡೆಗೆ ತೀರ ಹತ್ತಿರ ತೂಗುಹಾಕಿದರೂ ದೊಡ್ಡ ಚಿತ್ರ ಬೀಳಿಸುತ್ತದೆ. ಅದನ್ನೇ ನೋಡಬೇಕಾದೀತು.

ಇನ್ನೊಂದು ಮಾತು. ಇಷ್ಟೆಲ್ಲ ಮಾಡುವ ಮೊದಲು ಅವರ ಕನ್ನಡಕದ ನಂಬರು ಒಮ್ಮೆ ತೋರಿಸಿಕೊಂಡು ಬರಲಿ. ಪ್ರೊಜೆಕ್ಟರಿಗಿಂತ ಅಗ್ಗ.

ನಿನ್ನ ತಮ್ಮ


ಜುಲೈ 2

ತಮ್ಮಾ,

ನೀನು ಕೇಳಿದ ನಕ್ಷೆ ಇದರ ಜೊತೆಗಿದೆ. ಗೆರೆ ಸೊಟ್ಟಗಿದ್ದರೆ ಅದು ನನ್ನ ಕೈ, ಗೋಡೆ ಅಲ್ಲ. ಅಗಲ ಹತ್ತು ಅಡಿ, ಕೋಣೆಯ ಉದ್ದ ಹದಿನಾಲ್ಕು. ಬಟ್ಟೆಯ ಬೀರು ಒಳಕೋಣೆಗೆ ಹೋಯಿತು. ಈಗ ಅಲ್ಲಿ ಮಂಚದ ಮೇಲೆ ಹತ್ತಿ ಇಳಿದು ಬೀರು ತೆಗೆಯಬೇಕು. ಎರಡು ಕಿಟಕಿ, ಒಂದರ ಎದುರಿಗೇ ಬೀದಿದೀಪ.

ನಿನ್ನ ಕಾಗದ ಓದಿ ಹೇಳಿದೆ. ನೂರು ಇಂಚು ಎಂದಾಗ ಮುಖ ಸಪ್ಪಗಾಯಿತು. ನೂರಿಪ್ಪತ್ತು ಹಿಡಿಯುವುದಿಲ್ಲವಾ ಎಂದರು. ಅಳೆದು ನೋಡಿದೆ, ಹಿಡಿಯುತ್ತದೆ, ಆದರೆ ಸ್ವಿಚ್‌ಬೋರ್ಡು ಮುಚ್ಚಿಹೋಗುತ್ತದೆ. ಮುಚ್ಚಲಿ ಅಂದರು. ಇಲ್ಲಿಯ ಅಂಗಡಿಗೂ ಹೋಗಿ ಬಂದೆವು. ಅಂಗಡಿಯವನು ಮೂರು ಯಂತ್ರ ಹಚ್ಚಿ ತೋರಿಸಿದ, ಕಪ್ಪು ಎಷ್ಟು ಕಪ್ಪಗೆ ಬರುತ್ತದೆ, ಚರ್ಮದ ಬಣ್ಣ ಎಷ್ಟು ಸಹಜ ಎಂದೆಲ್ಲ ವರ್ಣಿಸಿದ. ಇವರು ಕೋಳಿ ಕಾಳು ನೋಡುವ ಹಾಗೆ ತಲೆ ಓರೆ ಮಾಡಿಕೊಂಡು ನಿಂತು, ಇದಕ್ಕಿಂತ ಪ್ರಕಾಶದ್ದು ಇಲ್ಲವಾ ಎಂದು ಒಂದೇ ಮಾತು ಕೇಳಿದರು. ಕತ್ತಲ ಕೋಣೆಯಲ್ಲಿ ಅಷ್ಟು ಬೆಳಕಾದರೆ ಕಣ್ಣು ನೋಯುತ್ತದೆ ಸಾರ್ ಎಂದ ಅವನು. ನೋಯಲಿ ಬಿಡಿ ಅಂದರು.

ಕಿಟಕಿಯ ಕಪ್ಪು ಪರದೆಗಳನ್ನು ಹಿಂದಿನ ಬೀದಿಯ ಹೊಲಿಗೆಯವಳಿಗೆ ಕೊಟ್ಟಿದ್ದೇನೆ. ಅವಳ ಮಗಳು ನಮ್ಮ ವ್ಯಾನಿನಲ್ಲೇ ಶಾಲೆಗೆ ಬರುವುದು. ಒಂದು ಕಡೆ ಕೂರುವ ಪೈಕಿ ಅಲ್ಲ, ಅದಕ್ಕೆ ನಾವು ಚಿಟ್ಟೆ ಎಂದು ಕರೆಯುತ್ತೇವೆ. ಕಿಟಕಿ ಅಳೆಯಲು ಅಮ್ಮನ ಜೊತೆ ಬಂದವಳು ಬಟ್ಟೆಯ ಥಾನಿನೊಳಗೆ ತಲೆ ತೂರಿಸಿ, ಅತ್ತೆ, ರಾತ್ರಿ ಆಯ್ತಾ ಎಂದಳು. ಇವರು ಬಿದ್ದು ಬಿದ್ದು ನಕ್ಕರು. ಬೇಕಾದರೆ ನೀನೂ ದಿನಾ ಬಂದು ನೋಡು, ನಿನ್ನಷ್ಟು ದೊಡ್ಡ ಗೊಂಬೆಗಳು ಬರುತ್ತವೆ ಎಂದು ಅವಳಿಗೆ ಮಾತು ಕೊಟ್ಟಿದ್ದಾರೆ.

ಕನ್ನಡಕ ಸರಿಯಿದೆಯಂತೆ.

ಬರುವಾಗ ಉದ್ದದ ಕೇಬಲ್ ತಾ. ಇಲ್ಲಿ ಸಿಕ್ಕಿದ್ದು ಗಿಡ್ಡ.

ನಿನ್ನ ಅಕ್ಕ


ಜುಲೈ 30

ಅಕ್ಕಾ,

ಇದನ್ನು ಒಬ್ಬಳೇ ಇದ್ದಾಗ ಓದು. ಓದಿ ಹೇಳಬೇಡ.

ನಿಮ್ಮ ಮನೆಯ ಕೆಲಸ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಚೌಕಟ್ಟು ಮಟ್ಟಸವಾಗಿ ಕೂತಿತು, ಯಂತ್ರ ಚಾವಣಿಯಲ್ಲಿ ಫ್ಯಾನಿಗೆ ತಗುಲದ ಹಾಗೆ ನಿಂತಿತು, ಆ ಹೊಲಿಗೆಯವಳ ಪರದೆಗಳು ಬೀದಿದೀಪವನ್ನು ಪೂರ್ತಿ ನುಂಗಿದವು. ಉಳಿದದ್ದು ಫೋಕಸ್ ಒಂದೇ. ನಮ್ಮಲ್ಲಿ ಆ ಕೆಲಸ ಇಬ್ಬರು ಮಾಡುತ್ತೇವೆ. ಒಬ್ಬ ಏಣಿ ಹತ್ತಿ ಲೆನ್ಸಿನ ಉಂಗುರ ತಿರುಗಿಸಬೇಕು, ಇನ್ನೊಬ್ಬ ಪರದೆಯ ಹತ್ತಿರ ನಿಂತು ಅಕ್ಷರ ಚೂಪಾದ ಕೂಡಲೇ ಹೇಳಬೇಕು. ಭಾವ ತಾನೇ ನಿಲ್ಲುತ್ತೇನೆ ಎಂದರು. ನಾನು ತಿರುಗಿಸುತ್ತಾ ಹೋದೆ, ಅವರು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದರು. ಅಷ್ಟರಲ್ಲಿ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಎತ್ತಿಕೊಳ್ಳಲು ಏಣಿ ಇಳಿದೆ.

ನನ್ನ ಕೈ ಉಂಗುರದ ಮೇಲೆ ಇರಲೇ ಇಲ್ಲ ಅಕ್ಕಾ. ಆಗ ಭಾವ ಹೇಳಿದರು: "ಹಾಂ, ಈಗ ಸರಿಯಾಯ್ತು ನೋಡು. ಕೂದಲೆಳೆ ಕೂಡ ಕಾಣ್ತಿದೆ."

ಪರದೆಯ ಮೇಲೆ ಅಕ್ಷರಗಳು ನೆನೆದ ಅವಲಕ್ಕಿಯ ಹಾಗೆ ಉಬ್ಬಿಕೊಂಡಿದ್ದವು. ನಾನು ಏನೂ ಅರಿಯದವನ ಹಾಗೆ ಕೆಳಗಿನ ಸಾಲು ಓದಿ ನೋಡಿ ಎಂದೆ. ಅವರು ತಲೆ ಓರೆ ಮಾಡಿ ಪರದೆಗೆ ಇನ್ನೂ ಹತ್ತಿರ ಹೋದರು. ಅಡುಗೆಮನೆ ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದ ನೀನು, ಯಾರೂ ಕೇಳದಿದ್ದರೂ, ಆ ಸಾಲನ್ನು ಊಹಿಸಿ ಊಹಿಸಿ ಜೋರಾಗಿ ಓದಿದೆ. ಭಾವ ಅದನ್ನೇ ತಿರುಗಿ ಹೇಳಿದರು. ಆಮೇಲೆ ನೀನು ಒಮ್ಮೆ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದೆ. ನಾನು ಏಣಿ ಹತ್ತಿ ನನಗೆ ತೋಚಿದ ಹಾಗೆ ಫೋಕಸ್ ಮಾಡಿ ಇಳಿದೆ.

ಊಟಕ್ಕೆ ಕೂತಾಗ ನಮ್ಮ ಮೂವರಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಭಾವನಿಗೆ ಎಷ್ಟು ಕಾಣುತ್ತದೆ? ಏನೂ ಕಾಣದವರು ವ್ಯಾನ್ ಓಡಿಸುವುದು ಹೇಗೆ?

ನಿನ್ನ ತಮ್ಮ


ಆಗಸ್ಟ್ 8

ತಮ್ಮಾ,

ಏನೂ ಕಾಣದು ಅನ್ನಬೇಡ. ಅಷ್ಟು ದೊಡ್ಡ ಮಾತು ಆಡಬೇಡ. ನಡುವೆ ಮಾತ್ರ ಕಾಣುವುದಿಲ್ಲ. ನೇರ ನೋಡಿದರೆ ಅಲ್ಲಿ ಹೊಗೆ ತುಂಬಿಕೊಂಡ ಹಾಗಂತೆ, ಅಂಚಿನಲ್ಲಿ ಎಲ್ಲ ಕಾಣುತ್ತದಂತೆ. ಅದಕ್ಕೇ ತಲೆ ಓರೆ ಮಾಡುವುದು. ಡಾಕ್ಟರು ಇದಕ್ಕೆ ಔಷಧ ಇಲ್ಲ, ಇನ್ನೂ ಹೆಚ್ಚುತ್ತದೆ ಎಂದರಂತೆ. ಈ ಅಂತೆಗಳೆಲ್ಲ ನನಗೆ ಸಿಕ್ಕಿದ್ದು ಇವರ ಬಾಯಿಂದಲ್ಲ. ಇವರ ಅಂಗಿ ಒಗೆಯಲು ಹಾಕುವಾಗ ಕಿಸೆಯಲ್ಲಿದ್ದ ಚೀಟಿ ಹಿಡಿದುಕೊಂಡು ನಾನೇ ಆ ಡಾಕ್ಟರ ಹತ್ತಿರ ಹೋಗಿ ಕೇಳಿ ಬಂದೆ. ನನಗೆ ಗೊತ್ತು ಎಂದು ನಾನು ಇವರಿಗೆ ಹೇಳಿಲ್ಲ. ನನಗೆ ಗೊತ್ತು ಎಂದು ಇವರಿಗೆ ಗೊತ್ತು.

ಹೇಗೆ ಓಡಿಸುತ್ತಾರೆ ಎಂದು ಕೇಳಿದ್ದೀಯ. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ, ಏನು, ಬಿಟ್ಟನಾ ಎಂದರು. ಕಣ್ಣೆದುರೇ ಹಸಿರು ಉರಿಯುತ್ತಿತ್ತು. ಹೂಂ, ಬಿಟ್ಟ ಎಂದೆ. ಮಾರನೆಯ ದಿನ ಕೇಳುವ ಮೊದಲೇ ಹೇಳಿದೆ. ಹಾಗೆ ಹಾಗೆ ಅದೇ ಅಭ್ಯಾಸವಾಯಿತು. ನಾನು ಮುಂದಿನ ಸೀಟಿನಲ್ಲಿ ಕೂತು ಹರಟೆ ಹೊಡೆಯುವವಳ ಹಾಗೆ ರಸ್ತೆ ಹೇಳುತ್ತೇನೆ. ಅಗೋ ಸೈಕಲ್‌ನವನು, ಇಗೋ ಉಬ್ಬು ಬಂತು, ಆ ಮುದುಕಪ್ಪ ಇನ್ನೂ ದಾಟಲಿಲ್ಲ. ಹೂಂ ಅಂದರೆ ಹೊರಡುವುದು. ಸುಮ್ಮನಿದ್ದರೆ ನಿಲ್ಲುವುದು. ಮಕ್ಕಳಿಗೆ ಇದೊಂದು ಆಟವಾಗಿದೆ, ಸಿಗ್ನಲ್ ಬಂದರೆ ಹಿಂದಿನಿಂದ ಎಲ್ಲ ಒಟ್ಟಿಗೆ ಕೆಂಪೂ, ಹಸಿರೂ ಎಂದು ಕಿರುಚುತ್ತವೆ. ಚಿಟ್ಟೆಯದೇ ಎಲ್ಲರಿಗಿಂತ ದೊಡ್ಡ ಗಂಟಲು. ಇವರು ನಗುತ್ತಾರೆ. ನಾನು ರಸ್ತೆಯಿಂದ ಕಣ್ಣು ಕೀಳುವುದಿಲ್ಲ.

ಈ ವರ್ಷವೆಲ್ಲ ಒಂದು ಗೀರೂ ಬಿದ್ದಿಲ್ಲ ತಮ್ಮಾ. ಇವರಷ್ಟು ನಿಧಾನವಾಗಿ ಓಡಿಸುವವರು ಈ ಊರಲ್ಲೇ ಇಲ್ಲ.

ಸಂಜೆ ಪರದೆಯ ಮುಂದೆ ಕೂರುತ್ತೇವೆ. ಅಲ್ಲೂ ನಾನೇ ಹೇಳುವುದು. ಈಗ ಬಂದವನು ಅಣ್ಣನಾ ತಮ್ಮನಾ ಎನ್ನುತ್ತಾರೆ, ತಮ್ಮ ಎನ್ನುತ್ತೇನೆ. ಆದರೂ ನೀನು ಹಾಕಿಕೊಟ್ಟ ಮೇಲೆ ಇವರ ಮುಖ ಬದಲಾಗಿದೆ. ಮೊನ್ನೆ ಚಿತ್ರ ಓಡುವಾಗ ತಾವಾಗಿಯೇ ಹೇಳಿದರು: "ಇಷ್ಟು ದೊಡ್ಡದಾದ್ರೆ ಕಾಣ್ತದೆ ಕಣೇ. ರಸ್ತೆ ಇದಕ್ಕಿಂತ ದೊಡ್ಡದಲ್ವಾ?"

ನನ್ನ ಹತ್ತಿರ ಆಡಿದ ಮೊದಲ ಮಾತು ಅದು, ಆ ವಿಷಯದಲ್ಲಿ. ನಾನು ಹೌದು ಎಂದೆ. ಬೇರೆ ಏನು ಹೇಳಲಿ? ಹದಿನೆಂಟನೇ ವಯಸ್ಸಿನಿಂದ ಸ್ಟೀರಿಂಗ್ ಹಿಡಿದ ಕೈ ಅದು. ಅದನ್ನು ಕಿತ್ತುಕೊಂಡರೆ ಈ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂದು ನನಗೆ ತಿಳಿಯುತ್ತಿಲ್ಲ. ನೀನು ನೋಡಿದ್ದನ್ನು ಮರೆತುಬಿಡು. ನಿನ್ನ ಕಾಲಿಗೆ ಬೀಳುತ್ತೇನೆ.

ಅಕ್ಕ


ಆಗಸ್ಟ್ 15

ಅಕ್ಕಾ,

ಕಾಲಿಗೆ ಬೀಳುವ ಮಾತು ಬೇಡ. ನನ್ನನ್ನು ಎತ್ತಿ ಆಡಿಸಿದವಳು ನೀನು.

ನಿನ್ನ ಕಾಗದ ಓದಿ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಪರದೆಯ ಮೇಲೆ ನೀನು ಅಣ್ಣನನ್ನು ತಮ್ಮ ಎಂದರೆ ಯಾರಿಗೂ ಏನೂ ಆಗುವುದಿಲ್ಲ. ಅಷ್ಟು ಪ್ರಕಾಶದ ಯಂತ್ರ, ಕತ್ತಲ ಕೋಣೆ, ಮೂಗಿನ ಹತ್ತಿರ ಪರದೆ, ಇದೆಲ್ಲ ಒಟ್ಟಾಗಿ ಅವರಿಗೆ ಏನೋ ಒಂದು ಕಾಣಿಸುತ್ತಿರಬಹುದು. ರಸ್ತೆಗೆ ಯಾರು ಕಪ್ಪು ಪರದೆ ಕಟ್ಟಿಕೊಡುತ್ತಾರೆ? ಅವರಿಗೆ ಧೈರ್ಯ ಬರುವ ಹಾಗೆ ಮಾಡಿಕೊಟ್ಟು ಬಂದವನು ನಾನೇ ಎಂದು ನೆನೆದರೆ ಕೈಗೆ ಕೆಲಸ ಹತ್ತುವುದಿಲ್ಲ.

ನೀನು ಒಂದು ಕ್ಷಣ ಆಕಡೆ ತಿರುಗಿದರೆ? ಸೀನಿದರೆ? ಹಿಂದೆ ಮಕ್ಕಳು ಜಗಳವಾಡಿ ನೀನು ಬಿಡಿಸಲು ಎದ್ದರೆ? ಅವರ ಕಣ್ಣು ನೀನು, ಸರಿ. ಒಂದೇ ಜೊತೆ ಕಣ್ಣಿನಲ್ಲಿ ಮಕ್ಕಳನ್ನೂ ರಸ್ತೆಯನ್ನೂ ಹೇಗೆ ನೋಡುತ್ತೀಯ?

ಭಾವ ನನ್ನ ಅಂಗಡಿಗೆ ಬರಲಿ. ಗಿರಾಕಿಗಳ ಜೊತೆ ಮಾತಾಡುವ ಜನ ನನಗೆ ನಿಜವಾಗಿ ಬೇಕು, ಮಾತಿನಲ್ಲಿ ಅವರನ್ನು ಮೀರಿಸುವವರಿಲ್ಲ. ಮೇಲಿನ ಕೋಣೆ ಖಾಲಿ ಮಾಡಿಸುತ್ತೇನೆ, ನೀವಿಬ್ಬರೂ ಬನ್ನಿ. ಆದರೆ ಈ ತಿಂಗಳು ಮುಗಿಯುವುದರೊಳಗೆ ಅವರು ವ್ಯಾನಿನಿಂದ ಇಳಿಯಬೇಕು. ಇಲ್ಲದಿದ್ದರೆ ನಾನು ಶಾಲೆಯ ಹೆಡ್‌ಮಾಸ್ತರಿಗೆ ಬರೆಯುತ್ತೇನೆ. ನೀನು ಜನ್ಮದಲ್ಲಿ ನನ್ನ ಮುಖ ನೋಡದಿದ್ದರೂ ಬರೆಯುತ್ತೇನೆ.

ತಮ್ಮ


ಆಗಸ್ಟ್ 27

ತಮ್ಮಾ,

ಬಿಟ್ಟರು. ಬೆನ್ನುನೋವು ಎಂದು ಶಾಲೆಯಲ್ಲಿ ಹೇಳಿದ್ದಾರೆ. ಸೋಮವಾರದಿಂದ ಬೇರೆ ಡ್ರೈವರ್ ಬರುತ್ತಾನೆ. ನಾನು ಮಕ್ಕಳ ಜೊತೆ ಹೋಗುವುದನ್ನು ಮುಂದುವರಿಸುತ್ತೇನೆ.

ನಿನ್ನಲ್ಲಿಗೆ ಬರುವ ಮಾತು ಈಗ ಬೇಡ. ಸ್ವಲ್ಪ ದಿನ ಮನೆಯಲ್ಲಿರಲಿ. ಹೆಡ್‌ಮಾಸ್ತರಿಗೆ ಏನೂ ಬರೆಯಬೇಡ, ಅದರ ಅಗತ್ಯ ಇನ್ನಿಲ್ಲ.

ಅಕ್ಕ


ಸೆಪ್ಟೆಂಬರ್ 6

ಅಕ್ಕಾ,

ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಗಡುಸಾಗಿ ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಎಷ್ಟು ಕಷ್ಟಪಟ್ಟು ಒಪ್ಪಿಸಿದೆಯೋ, ನಾನು ಊಹಿಸಬಲ್ಲೆ.

ಒಂದು ಪಾರ್ಸೆಲ್ ಕಳಿಸಿದ್ದೇನೆ, ಎರಡು ಸ್ಪೀಕರ್. ಪರದೆಯ ಎಡಬಲಕ್ಕೆ ಕಿವಿಯ ಎತ್ತರದಲ್ಲಿಡು, ಗೋಡೆಗೆ ಒತ್ತಿ ಇಡಬೇಡ, ಒತ್ತಿದರೆ ಮಾತು ಗುಂಯ್ ಎನ್ನುತ್ತದೆ. ಇನ್ನು ಮುಂದೆ ಭಾವನಿಗೆ ಚಿತ್ರಕ್ಕಿಂತ ಶಬ್ದವೇ ಮುಖ್ಯವಾಗುತ್ತದೆ. ಯಾವ ಕಡೆಯಿಂದ ಬಾಗಿಲು ತೆರೆಯಿತು, ಯಾರು ಎಡಗಡೆಯಿಂದ ಬಂದರು, ಎಲ್ಲ ಗೊತ್ತಾಗುವ ಹಾಗಿದೆ. ನೀನು ಗಂಟಲು ಹರಿದುಕೊಳ್ಳುವುದು ಅಷ್ಟು ತಪ್ಪುತ್ತದೆ.

ಭಾವ ಹೇಗಿದ್ದಾರೆ, ಎರಡು ಸಾಲು ಬರಿ.

ನಿನ್ನ ಬಲ್ಬು


ನವೆಂಬರ್ 19

ತಮ್ಮಾ,

ನೀನು ಮೂರು ಕಾಗದ ಬರೆದರೂ ನಾನು ಉತ್ತರಿಸಲಿಲ್ಲ. ಉತ್ತರಿಸುವ ಮುಖ ಇರಲಿಲ್ಲ. ಬಿಟ್ಟರು ಎಂದು ಬರೆದಿದ್ದೆ. ಬಿಟ್ಟಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಹೇಗೆ ಕೇಳುವುದು ಎಂದು ರಾತ್ರಿಯೆಲ್ಲ ಮಾತು ಜೋಡಿಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಇವರು ಒದ್ದೆ ಬಟ್ಟೆ ಹಿಡಿದು ವ್ಯಾನಿನ ಗಾಜು ಒರೆಸುತ್ತಿದ್ದರು. ಕಾಣದ ಗಾಜನ್ನು ಅಷ್ಟು ಚೆನ್ನಾಗಿ ಒರೆಸುವುದನ್ನು ನೋಡುತ್ತ ನಿಂತೆ. ಒಳಗೆ ಬಂದು ನಿನಗೆ ಆ ಕಾಗದ ಬರೆದೆ.

ಹೋದ ವಾರ ಸಂಜೆ ಮಕ್ಕಳನ್ನು ಇಳಿಸುತ್ತಿದ್ದೆವು. ಚಿಟ್ಟೆ ಇಳಿದಳು. ಮನೆ ರಸ್ತೆಯ ಆಚೆ. ವ್ಯಾನಿನ ಮುಂದಿನಿಂದ ದಾಟುವಾಗ ಅವಳ ನೀರಿನ ಬಾಟಲಿ ಕೈಜಾರಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದಳು. ಗಾಡಿ ಹೊರಟುಬಿಟ್ಟಿತು. ಜೀವ ಉಳಿದಿದೆ. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ನಾನು ಹಿಂದಿನ ಬಾಗಿಲ ಹತ್ತಿರ ಇದ್ದೆ.

ಪೊಲೀಸರು ಬಂದರು, ಅಳೆದರು, ಬರೆದುಕೊಂಡರು. ಬಗ್ಗಿದ ಮಗು ಯಾವ ಡ್ರೈವರಿಗೂ ಕಾಣುವುದಿಲ್ಲ ಎಂದರು. ಹೆಡ್‌ಮಾಸ್ತರು ಮನೆಗೇ ಬಂದು ಇವರ ಬೆನ್ನು ತಡವಿದರು. ಇಷ್ಟು ವರ್ಷದ ಸೇವೆ, ನಿಮ್ಮ ತಪ್ಪಿಲ್ಲ ಎಂದು ಎಲ್ಲರಿಗೂ ಗೊತ್ತು, ಸ್ವಲ್ಪ ದಿನ ಸುಧಾರಿಸಿಕೊಂಡು ಬನ್ನಿ ಎಂದರು. ಎಲ್ಲಕ್ಕಿಂತ ಹೆಚ್ಚಾಗಿ ಆ ಹೊಲಿಗೆಯವಳು, ಅವಳೂ ಬಂದಿದ್ದಳು. ಗಾಡಿಯ ಮುಂದೆ ಬಗ್ಗಬಾರದು ಎಂದು ಸಾವಿರ ಸಲ ಹೇಳಿದ್ದೆ, ಅವಳು ಕೇಳಲಿಲ್ಲ, ನೀವು ಕೊರಗಬೇಡಿ ಎಂದು ಇವರಿಗೆ ಸಮಾಧಾನ ಹೇಳಿ ಹೋದಳು. ಮಗಳು ಆಸ್ಪತ್ರೆಯಲ್ಲಿ ಏನೇನೋ ಸುಳ್ಳು ಹೇಳುತ್ತಾಳಂತೆ, ಅದಕ್ಕೆ ಗದರಿದಳಂತೆ. ನಾನು ಚಹಾ ಕೊಟ್ಟೆ. ಅವಳು ಕುಡಿದಳು.

ಇವರು ಊಟ ಮಾಡುತ್ತಾರೆ, ಮಲಗುತ್ತಾರೆ. ಪ್ರೊಜೆಕ್ಟರ್ ಹಚ್ಚು ಎನ್ನುತ್ತಾರೆ, ಹಚ್ಚುತ್ತೇನೆ. ಏನು ಬರುತ್ತಿದೆ ಎಂದು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಹೋಗುತ್ತೇನೆ ಎಂದಿದ್ದಾರೆ.

ನಿಜ ಗೊತ್ತಿರುವುದು ನಮ್ಮ ಮೂವರಿಗೆ. ಆದದ್ದು ಆಗಿಹೋಯಿತು, ಕಾಲು ಮರಳಿ ಬರುವುದಿಲ್ಲ. ನೀನು ಏನೂ ಮಾಡಬೇಡ ಎಂದು ಕೇಳಲು ಕೂತವಳು ಇಷ್ಟು ಬರೆದೆ.

ಅಕ್ಕ


ನವೆಂಬರ್ 25

ಅಕ್ಕಾ,

ನಿನ್ನ ಆಗಸ್ಟಿನ ಕಾಗದ ತೆಗೆದು ಮತ್ತೆ ಓದಿದೆ. ಅದು ಸುಳ್ಳು ಎಂದು ಯಾರಿಗಾದರೂ ತಿಳಿಯುತ್ತಿತ್ತು. ನೀನು ಎಂದೂ ಅಷ್ಟು ಚುಟುಕಾಗಿ ಬರೆದವಳಲ್ಲ. ನಂಬಿದರೆ ನನಗೂ ಸುಲಭವಾಗುತ್ತಿತ್ತು, ನಂಬಿದೆ. ಸ್ಪೀಕರ್ ಕಳಿಸಿ ಕೈತೊಳೆದುಕೊಂಡೆ.

ಶನಿವಾರ ಬರುತ್ತಿದ್ದೇನೆ. ಬಸ್ಸಿನಿಂದ ಇಳಿದು ನಿಮ್ಮ ಮನೆಗೆ ಬರುವುದಿಲ್ಲ, ನೇರ ಠಾಣೆಗೆ ಹೋಗುತ್ತೇನೆ. ಫೋಕಸ್ ಮಾಡುವಾಗ ಏನಾಯಿತು, ನೀನು ಏನು ಬರೆದೆ, ಎಲ್ಲ ಹೇಳುತ್ತೇನೆ. ಭಾವ ಮತ್ತೆ ಆ ಸೀಟಿನಲ್ಲಿ ಕೂರಬಾರದು, ಅದು ಒಂದು. ಆದರೆ ನನ್ನನ್ನು ಮಲಗಲು ಬಿಡದಿರುವುದು ಬೇರೆ. ಒಂದು ಮಗು ಕಾಲು ಕಳೆದುಕೊಂಡು ಮಲಗಿದೆ, ತಪ್ಪು ನಿನ್ನದೇ ಎಂದು ಅದರ ಅಮ್ಮನೇ ಅದಕ್ಕೆ ಗದರುತ್ತಿದ್ದಾಳೆ. ನೀನು ಅವಳಿಗೆ ಚಹಾ ಕೊಟ್ಟೆ.

ಶನಿವಾರದವರೆಗೆ ಸಮಯವಿದೆ.

ತಮ್ಮ


ಡಿಸೆಂಬರ್ 1

ತಮ್ಮಾ,

ಶನಿವಾರ ನೀನು ಠಾಣೆಗೆ ಬರುವಷ್ಟರಲ್ಲಿ ನಾನು ಅಲ್ಲಿಂದ ಎದ್ದು ಹೋಗಿದ್ದೆ. ನೀನು ನನ್ನನ್ನು ಹುಡುಕಿಕೊಂಡು ಮನೆಗೆ ಬಂದು ಬಾಗಿಲು ತಟ್ಟಿದ್ದು ಕೇಳಿಸಿತು. ತೆರೆಯಲಿಲ್ಲ. ಎದುರಿಗೆ ಕೂತು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಕಾಗದದಲ್ಲಾದರೆ ಹೇಳಬಲ್ಲೆ.

ಶುಕ್ರವಾರ ಇವರಿಗೆ ಹೇಳಿದೆ, ನಾಳೆ ನಾನು ಹೋಗಿ ಹೇಳುತ್ತೇನೆ ಎಂದು. ಪ್ರೊಜೆಕ್ಟರ್ ಓಡುತ್ತಿತ್ತು. ಇವರು ಪರದೆಯಿಂದ ಮುಖ ತಿರುಗಿಸಿದರು. ಆಮೇಲೆ, ನಾನೂ ಬರುತ್ತೇನೆ, ಕೈ ಹಿಡಿದುಕೋ ಎಂದರು. ಈ ಎರಡು ವರ್ಷದಲ್ಲಿ ಕೈ ಹಿಡಿದುಕೋ ಎಂದದ್ದು ಅದೇ ಮೊದಲು. ಠಾಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಎಲ್ಲ ಹೇಳಿಬಿಟ್ಟರು. ಕಣ್ಣು ಹೋದದ್ದು, ಲೈಸೆನ್ಸಿನ ಕಣ್ಣಿನ ಪರೀಕ್ಷೆಯಲ್ಲಿ ಅಕ್ಷರಗಳ ಸಾಲುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋದದ್ದು, ಎಲ್ಲ. ನನ್ನ ಮಾತು ಬಂದಾಗ, "ಅವಳಿಗೇನೂ ಗೊತ್ತಿರಲಿಲ್ಲ ಸಾರ್, ಅವಳಿಗೂ ಮುಚ್ಚಿಟ್ಟಿದ್ದೆ" ಎಂದರು. ನಾನು ಅಲ್ಲ ಎಂದೆ, ಗೊತ್ತಿತ್ತು ಎಂದೆ. ಅಧಿಕಾರಿ ನನ್ನ ಕಡೆ ನೋಡಿ, ಗಂಡನನ್ನು ಉಳಿಸಲು ಹೆಂಗಸರು ಏನು ಬೇಕಾದರೂ ಹೇಳುತ್ತಾರೆ, ನೀವು ಹೊರಗೆ ಕೂರಿ ಎಂದ. ಅದನ್ನು ಅವನು ಬರೆದುಕೊಳ್ಳಲೇ ಇಲ್ಲ. ಇವರನ್ನು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಮೆಟ್ಟಿಲು ಎಡವಿದರು. ನಾನು ಮೆಟ್ಟಿಲಿದೆ ಎಂದು ಹೇಳಿರಲಿಲ್ಲ.

ಅಲ್ಲಿಂದ ಎದ್ದು ಆಸ್ಪತ್ರೆಗೆ ಹೋದೆ. ಹೊಲಿಗೆಯವಳು ಮಗಳ ತಲೆ ಬಾಚುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಒಂದೂ ಬಿಡದೆ. ಅವಳು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಬಾಚಣಿಗೆ ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಮಗಳನ್ನೇ ನೋಡುತ್ತಾ, ಅವಳು ಇಷ್ಟು ದಿನ ಹೇಳುತ್ತಿದ್ದ ಸುಳ್ಳು ಯಾವುದು ಎಂದು ನನಗೆ ಹೇಳಿದಳು. ಬಾಟಲಿ ಬಿದ್ದಾಗ ಚಿಟ್ಟೆ ಮೊದಲು ನಿಂತು ಡ್ರೈವರ್ ಕಡೆ ನೋಡಿದ್ದಳಂತೆ. ಮಾಮ ನನ್ನನ್ನೇ ನೋಡುತ್ತಿದ್ದರು, ಅದಕ್ಕೇ ಬಗ್ಗಿದೆ ಎಂದು ಹೇಳುತ್ತಲೇ ಇದ್ದಳಂತೆ. ಡಾಕ್ಟರೂ ನಂಬಲಿಲ್ಲ, ಪೊಲೀಸರೂ ನಂಬಲಿಲ್ಲ, ನಾನೂ ಬಾಯಿ ಮುಚ್ಚು ಎಂದೆ ಎನ್ನುತ್ತಾ ಆಕೆ ಅತ್ತಳು.

ನಾನು ಮಂಚದ ಪಕ್ಕ ಕೂತೆ. ನೀನು ಹೇಳಿದ್ದು ನಿಜ ಪುಟ್ಟಿ, ಮಾಮ ನಿನ್ನನ್ನೇ ನೋಡುತ್ತಿದ್ದರು, ಅವರಿಗೆ ಕಾಣಿಸುತ್ತಿರಲಿಲ್ಲ, ನಿನ್ನದೇನೂ ತಪ್ಪಿಲ್ಲ ಎಂದೆ. ಅವಳು ಸ್ವಲ್ಪ ಯೋಚಿಸಿದಳು. ಅಲುಗಾಡದೆ ಕೂತು ಯೋಚಿಸುವುದನ್ನು ಆ ಮಗು ಈ ಕೆಲವು ದಿನಗಳಲ್ಲಿ ಕಲಿತಿದೆ.

"ಮತ್ತೆ ನೀವು ಎಲ್ಲಿ ನೋಡ್ತಿದ್ರಿ, ಅತ್ತೆ?"

ಠಾಣೆಯಲ್ಲಿ ಯಾರೂ ಕೇಳಲಿಲ್ಲ. ಇವರು ಒಂದು ದಿನವೂ ಕೇಳಲಿಲ್ಲ, ಕೇಳುವುದೂ ಇಲ್ಲ. ನಿನಗೂ ನಾನು ಹಿಂದಿನ ಬಾಗಿಲ ಹತ್ತಿರ ಇದ್ದೆ ಎಂದಷ್ಟೇ ಬರೆದೆ. ಅವಳಿಗೆ ಹೇಳದೆ ಏಳಲು ಆಗಲಿಲ್ಲ. ಬಾಗಿಲ ಚಿಲಕ ಸಿಕ್ಕಿಕೊಂಡಿತ್ತು ಪುಟ್ಟಿ, ಅದನ್ನು ನೋಡುತ್ತಿದ್ದೆ, ಚಿಲಕ ಬಿತ್ತು, ಮುಂದೆ ತಿರುಗಿ ನೋಡದೆ ಹೂಂ ಅಂದೆ, ನಾನು ಅಂದದ್ದಕ್ಕೇ ಮಾಮ ಗಾಡಿ ಬಿಟ್ಟರು ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ ಅಮ್ಮನ ಕೈ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಅಕ್ಕ